ಲ್ಯಾಟಿನ್ ಪ್ರಾರ್ಥನೆಗೆ ದೊಡ್ಡಪ್ಪನ ತಾಳ

೧೯೦೩, ನವೆಂಬರ್ ೨೨. ಗ್ರೆಗೋರಿಯನ್ ಗಾಯನವನ್ನು, ಅಂದರೆ ಲ್ಯಾಟಿನ್ ಪ್ರಾರ್ಥನೆಗಳ ಹಳೆಯ ಹಾಡುಗಾರಿಕೆಯನ್ನು, ಚರ್ಚುಗಳಲ್ಲಿ ಮತ್ತೆ ನೆಲೆಗೊಳಿಸಬೇಕೆಂದು ಪೋಪರು ಹೊರಡಿಸಿದ ಆಜ್ಞೆಯ ದಿನಾಂಕವಿದು. ಮುದ್ರಿತ ಪಠ್ಯವನ್ನೇ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಆ ಆಜ್ಞೆ ಹೋದ ಚಳಿಗಾಲದಲ್ಲಿ ಬಂತೆಂದು ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠದ ಸನ್ಯಾಸಿಯೊಬ್ಬರು ನಮ್ಮ ಕಡೆ ಬಂದಿದ್ದಾಗ ನನಗೆ ಹೇಳಿದ್ದರು. ಹಾಗಾದರೆ ನಾನು ಬರೆಯುತ್ತಿರುವುದು ೧೯೦೪ರ ಬೇಸಗೆಯ ಸಂಗತಿಯಾಗಿರಬೇಕು.

ಆಗ ನಾನು ಚಳ್ಳಕೆರೆಯಲ್ಲಿ ಉಪಾಧ್ಯಾಯ. ಸಿದ್ದಾಪುರದ ಬಂಡೆಶಾಸನ ನೋಡಲು ಬಂದಿದ್ದ ಆ ಸನ್ಯಾಸಿಗೆ ದುಭಾಷಿಯಾಗಿ ಹೋಗಿದ್ದೆ. ಹಿಂದಿರುಗುವಾಗ ಮೊಳಕಾಲ್ಮೂರಿನ ದೊಡ್ಡಪ್ಪನ ಮನೆಯಲ್ಲಿ ತಂಗಿದೆವು. ದೊಡ್ಡಪ್ಪ ರೇಷ್ಮೆ ಸೀರೆ ನೇಯುವವರು. ಊರ ಭಜನೆಯಲ್ಲಿ ತಾಳ ಅವರದೇ. ಅತಿಥಿ ಜಗಲಿಯಲ್ಲಿ ಸಂಜೆಯ ಪ್ರಾರ್ಥನೆ ಹಾಡುತ್ತಾರೆಂದು ತಿಳಿದು ಭಜನೆಯವರೆಲ್ಲ ಕೂಡಿದರು.

"ಯಾವ ಪದ ಆದ್ರೂ ಹಾಡ್ಲಿ, ನಾನು ತಾಳ ಹಾಕ್ತೀನಿ," ಎಂದರು ದೊಡ್ಡಪ್ಪ.

"ತಪ್ಪಿದ್ರೆ ನಾಳೆಯಿಂದ ತಾಳ ನಂದು ಲೇ," ಎಂದರು ಅವರ ಗೆಳೆಯ, ಮೃದಂಗದವರು.

"ತಗೊಳ್ಳೋ. ಮೊದ್ಲು ನಿನ್ನ ಮೃದಂಗ ನೆಟ್ಟಗೆ ಬಾರ್ಸು."

ಸನ್ಯಾಸಿ ಹಾಡತೊಡಗಿದರು. ಒಂದೇ ಸ್ವರದ ಮೇಲೆ ಮಾತುಗಳು ಸಾಗಿ, ಸಾಲಿನ ನಡುವೆ ಗಕ್ಕನೆ ನಿಂತವು. ಮುಗಿಯಿತೆಂದು ದೊಡ್ಡಪ್ಪ ಝಲ್ ಎಂದು ಮುಕ್ತಾಯದ ಪೆಟ್ಟು ಹಾಕಿದರು. ಸನ್ಯಾಸಿ ಉಳಿದರ್ಧ ಸಾಲನ್ನು ಎತ್ತಿಕೊಂಡರು. ಮುಂದಿನ ಸಾಲಿನಲ್ಲೂ ಹಾಗೆಯೇ ಆಯಿತು.

"ಅವ್ರಿನ್ನೂ ಹಾಡ್ತಾ ಅವ್ರೆ, ನೀನಾಗ್ಲೇ ಮಂಗಳ ಮಾಡಿ ಎಲೆಅಡಿಕೆ ಕೊಡ್ತಾ ಇದೀಯಲ್ಲೋ!" ಎಂದರು ಗೆಳೆಯ. ಜಗಲಿಯೆಲ್ಲ ನಕ್ಕಿತು.

ದೊಡ್ಡಪ್ಪ ನನ್ನತ್ತ ತಿರುಗಿದರು. "ಕೇಳೋ ಅವರನ್ನ, ಇದರಾಗೆ ತಾಳ ಎಲ್ಲೈತೆ?"

ಕೇಳಿದೆ. ತಾಳವಿಲ್ಲ, ನಡುವೆ ಬರುವುದು ನಿಲುಗಡೆ. ಅಲ್ಲಿ ಕೆಮ್ಮಿದವರನ್ನೂ ತಮ್ಮ ಮಠದಲ್ಲಿ ಗದರುತ್ತಾರೆ ಎಂದು ಸನ್ಯಾಸಿ ನಕ್ಕರು.

"ತಾಳ ಇಲ್ದೆ ಅಷ್ಟು ಜನ ಒಟ್ಟಿಗೆ ಹೆಂಗ್ ಹಾಡ್ತಾರೆ?"

ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹಾಡುತ್ತಾರಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳಿದ ನನಗೂ ಅರ್ಥವಾಗಿರಲಿಲ್ಲ. ದೊಡ್ಡಪ್ಪ ತಾಳಗಳನ್ನು ಗೆಳೆಯನ ಮಡಿಲಲ್ಲಿ ಇಟ್ಟರು. ಅದು ಸೋಲೋ, ಮುನಿಸೋ, ಬೇರೇನೋ, ಇಂದಿಗೂ ನಿರ್ಧರಿಸಲಾರೆ. ಆ ಸಂಜೆಯ ಮೇಲೆ ಅವರು ಮತ್ತೆ ತಾಳ ಹಿಡಿಯಲಿಲ್ಲವೆಂಬುದು ಮಾತ್ರ ನನ್ನ ಸ್ಪಷ್ಟ ನೆನಪು.

ಆದರೆ ಭಜನಾ ಮಂದಿರದಲ್ಲಿ ಮೇಳದವರ ಛಾಯಾಚಿತ್ರವೊಂದಿದೆ. ಅದರ ಹಿಂಬದಿಯಲ್ಲಿ ಛಾಯಾಗ್ರಾಹಕ ಬರೆದಿರುವ ಇಸವಿ ಆ ಬೇಸಗೆಗಿಂತ ಈಚಿನದು. ಅದರಲ್ಲಿ ಗೆಳೆಯ ಮೃದಂಗದ ಹಿಂದೆ ಕುಳಿತಿದ್ದಾರೆ. ತಾಳ ದೊಡ್ಡಪ್ಪನ ಕೈಯಲ್ಲಿದೆ.