ಕಾರಿನ ಹುಡ್ಡೂ ಅವ್ವನ ಮಗ್ಗದ ಗುಂಡಿಯೂ

ತಮಿಳುನಾಡಿನ ಹೊಳೆ ಹಬ್ಬ ಆಡಿ ಹದಿನೆಂಟಕ್ಕೆ ನಾಲ್ಕೇ ದಿನ ಇರುವಾಗ ನಾನು ನನ್ನ ಕಾರಿನ ತಲೆ ಬೋಳಿಸಿದೆ.

ನನ್ನ ಕಾರು ನಿಮಗೆ ಗೊತ್ತಲ್ಲ? ನನಗಿಂತ ಎಂಟು ವರ್ಷ ಹಿರಿಯದು. ಮೇಲೆ ತಗಡಿಲ್ಲ, ಬಟ್ಟೆಯ ಹುಡ್. ಬೇಕೆಂದಾಗ ಮಡಚಿ ಹಿಂದಕ್ಕೆ ತಳ್ಳಬಹುದು. (ಮಳೆ ಬಂದಾಗ ಬಿಡಿಸಲು ಹೋದರೆ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ.) ಆ ಹುಡ್ ಹರಿದು ಜರಡಿಯಾಗಿತ್ತು. ಆಡಿ ಹದಿನೆಂಟರಂದು ಹೊಗೆನಕಲ್ಲಿಗೆ ಹೊಳೆ ಸ್ನಾನಕ್ಕೆ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಗೆಲ್ಲ ಅವಳು ಅದನ್ನು ಹೇಳಿಕೊಂಡೂ ಆಗಿತ್ತು. ಆದರೆ ಒಂದು ಷರತ್ತು.

"ತೊಪ್ಪೂರು ಘಾಟ್ ಬಿಸ್ಲು ನಂಗಾಗಕಿಲ್ಲ. ತಲೆ ಮ್ಯಾಲೆ ನೆರಳಿಲ್ದಿದ್ರೆ ಈಗ್ಲೇ ಯೋಳ್ಬುಡ್ಲಾ, ಬಸ್ಸೈತೆ."

ಬಸ್ಸಂತೆ! ಕುಷನ್ ಅಂಗಡಿಯ ಮಣಿಗೆ ಹೊಸ ಹುಡ್ ಹೊಲಿಯಲು ಹೇಳಿದೆ. ಇದೇ ಮಾದರಿ ಕಾರಿಗೆ ಮೂರು ಹೊಲಿದಿದ್ದೇನೆ ಎಂದ. ಅವನು ಅಲ್ಲಿ ಹೊಲಿಯುತ್ತಿರಲಿ, ಹಳೆಯದನ್ನು ನಾನೇ ಬಿಚ್ಚಿದರಾಯಿತು ಅಂದುಕೊಂಡೆ. ಬಿಚ್ಚುವುದೇನು ಮಹಾ? ಸ್ಕ್ರೂ ತೆಗೆದೆ, ಮೊಳೆ ಕಿತ್ತೆ. ಕಬ್ಬಿಣದ ಕಮಾನುಗಳನ್ನು ಒಂದಕ್ಕೊಂದು ಹಿಡಿದಿದ್ದ ಪಟ್ಟಿಗಳನ್ನೂ ಕತ್ತರಿಸಿದೆ. ಎಲ್ಲ ಮುದ್ದೆ ಮಾಡಿ ಹಿತ್ತಲಿಗೆ ಎಸೆದೆ. ಅರ್ಧ ಗಂಟೆಯ ಕೆಲಸ!

ಹಬ್ಬದ ಹಿಂದಿನ ದಿನ ಮಣಿ ಹೊಸ ಹುಡ್ ತಂದ. ಮುಂದೆ ಗಾಜಿನ ಅಂಚಿಗೆ ಸಿಕ್ಕಿಸಿದರೆ ಹಿಂದೆ ನಾಲ್ಕು ಬೆರಳು ಕಡಿಮೆ. ಹಿಂದೆ ಎಳೆದರೆ ಮುಂದೆ ಬಿಟ್ಟುಕೊಳ್ಳುತ್ತದೆ. ಕಮಾನುಗಳೋ, ಪಟ್ಟಿ ಇಲ್ಲದೆ ಹೇಗೆಂದರೆ ಹಾಗೆ ವಾಲುತ್ತಿದ್ದವು. ಯಾವುದು ಎಲ್ಲಿ ನಿಲ್ಲಬೇಕು?

"ಪಳಸು ಎಂಗೆ ಸಾರ್?" ಎಂದು ಮಣಿ ಅಳತೆಗೆ ಹಳೆಯದನ್ನು ಕೇಳಿದ. ಹಳೆಯದು ಹಿತ್ತಲಲ್ಲಿರಲಿಲ್ಲ. ಕಸದವರು ಒಯ್ದಿರಬೇಕು ಎಂದೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಬೀದಿಯೆಲ್ಲ ಸೇರಿ ಸಲಹೆ ಕೊಡತೊಡಗಿತು. ನನಗೆ ಅಳುವುದೊಂದು ಬಾಕಿ.

ಅವ್ವ ಮಗ್ಗ ಬಿಟ್ಟು ಎದ್ದು ಬಂದಳು.

"ಎಲ್ಲಾನೂ ಒಂದೇ ಸಲ ಕಿತ್ಬುಟ್ಯಾ? ನೇಯೋರ ಮನೇಲಿ ಉಟ್ಟಿ ಇಷ್ಟೂ ತಿಳೀಲಿಲ್ವೇನ್ಲಾ?"

ತಿಳಿಯಬೇಕಿತ್ತು. ಮಗ್ಗದಲ್ಲಿ ಹಾಸಿನ ನೂಲು ಮುಗಿದರೂ ಗೇಣುದ್ದ ಉಳಿಸಿಕೊಳ್ಳುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸುತ್ತಾರೆ. ಹೊಸದನ್ನು ಮಗ್ಗದೊಳಕ್ಕೆ ಎಳೆದುಕೊಂಡು ಹೋಗುವುದೇ ಹಳೆಯದು. ನಾವು, ಓದಿದವರು, ಹಾಗಲ್ಲ. ಮೊದಲು ಕಿತ್ತುಹಾಕು, ಆಮೇಲೆ ಯೋಚಿಸು! ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ವಾರವೇ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕಿದೆವು. ಈಗ ಕರೆಂಟ್ ಹೋದರೆ ಯಾವ ಫೈಲು ಯಾರದೆಂದು ಆಫೀಸರಿಗೂ ಗೊತ್ತಿಲ್ಲ.

"ಹಳೇದು ಸಿಕ್ಕಿದ್ರೆ ಸರಿ ಓಯ್ತದಾ?" ಎಂದಳು ಅವ್ವ. ಒಳಗೆ ಹೋದಳು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಅದನ್ನೇ ಎಳೆದುಕೊಂಡು ಬಂದಳು! ಹಿತ್ತಲಲ್ಲಿ ಸುಮ್ಮನೆ ಬಿದ್ದಿತ್ತೆಂದು ಕಾಲಡಿಗೆ ಹಾಸಿಕೊಂಡಿದ್ದಳಂತೆ.

"ಮೊದ್ಲೇ ಯೋಳ್ಬಾರ್ದಾ ಅವ್ವಾ?"

"ನೀನ್ ಕೇಳಿದ್ಯಾ?"

ಬೀದಿಯಲ್ಲೇ ಹರವಿದೆವು. ಕಮಾನುಗಳು ಇಷ್ಟು ವರ್ಷ ಒತ್ತಿಕೊಂಡಿದ್ದ ಕಡೆ ಮೂರು ತುಕ್ಕಿನ ಗೆರೆ ಅಚ್ಚೊತ್ತಿದಂತಿದ್ದವು. ಮಣಿ ಗೆರೆಯಿಂದ ಗೆರೆಗೆ ಟೇಪ್ ಹಿಡಿದು ಹೊಸ ಪಟ್ಟಿ ಕತ್ತರಿಸಿ ಕಟ್ಟಿದ. ಕಮಾನುಗಳು ತೆಪ್ಪಗೆ ನಿಂತವು. ಹುಡ್ ಗಾಜಿನ ಅಂಚಿಗೆ ಟಕ್ಕೆಂದು ಕೂತಿತು. ಖುಷಿಗೆ ನಾನು ಮಣಿಯನ್ನು ತಬ್ಬಿಕೊಂಡೇಬಿಟ್ಟೆ.

ಬೆಳಗ್ಗೆ ಅವ್ವ ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಮುಂದಿನ ಸೀಟಿನಲ್ಲಿ ಕೂತಳು. ಬೀದಿಯ ಎರಡೂ ಕಡೆ ಜಗಲಿಗಳ ಮೇಲೆ ಜನ. ಸ್ಟಾರ್ಟ್ ಮಾಡಿದೆ. ಅವ್ವ ತಲೆಯೆತ್ತಿ ಹೊಸ ಹುಡ್ ನೋಡಿದಳು. ಬಗ್ಗಿ ಆಚೆ ನೋಡಿದಳು, ಈಚೆ ನೋಡಿದಳು. ಮುಖ ಸಪ್ಪಗಾಯಿತು.

"ಲೇ, ಬೀದಿ ದಾಟೋಗಂಟ ಇದ್ನ ಮಡುಚ್ಲಾ. ಕಾರಲ್ಲಿ ಓಯ್ತಿರೋಳು ಯಾರು ಅಂತ ಜನಕ್ಕೆ ಕಾಣ್ಬೇಡ್ವಾ?"