ಎಣ್ಣೆಯಕ್ಕನ ಬೆರಳುಗಳು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯ ದರ್ಜಿಗಳೆಲ್ಲ ಎಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಯಂತ್ರ ಕಿರುಗುಟ್ಟಿದರೂ ಎಣ್ಣೆ, ದಾರ ಕಡಿದರೂ ಎಣ್ಣೆ. "ಹೊಲಿಯೋರು ಕಿರುಗುಟ್ಟಿದ್ರೆ ಮಾತ್ರ ನನ್ನ ಹತ್ರ ಎಣ್ಣೆ ಇಲ್ಲಪ್ಪ" ಎಂದು ನಗಿಸುತ್ತಿದ್ದಳು. ಕೆಲಸ ಕಲಿಸಿದ ಅಪ್ಪ ಅವಳ ತಲೆಗೆ ತುಂಬಿದ್ದು ಒಂದೇ ಮಾತು: ಓಡಿದ್ದು ಸವೆಯುತ್ತೆ, ಉಳಿಸಿಕೊಂಡು ಬಳಸು. ಯಂತ್ರದ ಮಟ್ಟಿಗೆ ಅದು ಅಪ್ಪಟ ಸತ್ಯ. ಅದನ್ನು ತನ್ನ ಮೈಗೂ ಹಚ್ಚಿಕೊಂಡಳು ನೋಡಿ, ಅಲ್ಲೇ ಎಡವಟ್ಟಾಯಿತು.

ನಲವತ್ತು ದಾಟಿದ ಮೇಲೆ ಅವಳ ಎರಡೂ ಕೈಗಳ ಬೆರಳ ಗೆಣ್ಣುಗಳು ಊದತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಸವೆದಿವೆ, ಅಷ್ಟೇ ಎಂದು ತೀರ್ಮಾನಿಸಿದಳು. ಕೆಲಸ ಕಡಿಮೆ ಮಾಡಿದಳು, ರಜೆಯ ದಿನ ಕೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಮರುದಿನ ಬೆರಳು ಇನ್ನಷ್ಟು ಬಿಗಿ. ಸ್ಕ್ರೂ ತಿರುಗಿಸುತ್ತ ತಿರುಗಿಸುತ್ತ ಮಧ್ಯಾಹ್ನದ ಹೊತ್ತಿಗೆ ತುಸು ಸಡಿಲ. ಸವೆದ ಯಂತ್ರ ಹೀಗೆ ಆಡುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳು ಕಣ್ಣನ್ನು ನಂಬಲಿಲ್ಲ, ಅಪ್ಪನ ಮಾತನ್ನು ನಂಬಿದಳು. ನಾವೆಲ್ಲ ಮಾಡುವುದೂ ಅದನ್ನೇ, ಅವಳೊಬ್ಬಳನ್ನೇ ಬಯ್ದು ಏನು ಪ್ರಯೋಜನ.

ಯಾರಿಗೂ ಹೇಳಲಿಲ್ಲ. ಬೆರಳು ಮಡಚದ ರಿಪೇರಿಯವಳನ್ನು ಯಾರು ಕರೆಯುತ್ತಾರೆ ಎಂಬ ಭಯ. ಕೆಟ್ಟ ಯಂತ್ರ ಮತ್ತೆ ಟಕಟಕ ಎಂದಾಗ ಆಗುತ್ತಿದ್ದ ಖುಷಿ ಅವಳಿಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ. ಅದು ಹೋದರೆ ತಾನು ಯಾರು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಗಂಡ ಬಸ್ ಡ್ರೈವರ್. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಆ ಪೈಕಿ ಎಂದೇ ಎಲ್ಲರ ಎಣಿಕೆ. ದಿನಾ ಬೆಳಿಗ್ಗೆ ಹೆಂಡತಿಯ ಎಣ್ಣೆ ಬಾಟಲಿ ತುಂಬಿಸಿಡುವುದು ಅವನ ಪಾಲಿನ ಕೆಲಸ. ಇತ್ತೀಚೆಗೆ ಅದೂ ನೆಟ್ಟಗಾಗುತ್ತಿರಲಿಲ್ಲ.

"ಮುಚ್ಚಳ ಬಿಗಿ ಮಾಡೋಕೂ ಬರಲ್ವಾ ನಿಮಗೆ? ಚೀಲವೆಲ್ಲ ಎಣ್ಣೆ!"

"ಮರೆತುಹೋಯ್ತು ಕಣೇ" ಎಂದು ಹಲ್ಲು ಕಿರಿಯುತ್ತಿದ್ದ.

ವರ್ಷ ಕಳೆಯಿತು. ಒಂದು ದಿನ ಅಂಗಡಿಯೊಂದರಲ್ಲಿ, ಎಲ್ಲರ ಕಣ್ಣೆದುರಿಗೇ ಸ್ಕ್ರೂಡ್ರೈವರ್ ಕೈಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಯಾರೂ ನಗಲಿಲ್ಲ. ಆ ಮೌನಕ್ಕೆ ಹೆದರಿಯೇ ಅವಳು ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿದರು, ಎಕ್ಸ್-ರೇ ನೋಡಿದರು, ಒಂದೊಂದೇ ಗೆಣ್ಣು ಒತ್ತಿ ನೋಡಿದರು. "ಕೆಲಸ ಮಾಡಿದ್ರೆ ನೋವು ಜಾಸ್ತಿನಾ, ಕಡಿಮೆನಾ?"

"ಕಡಿಮೆ" ಎಂದಳು, ತಪ್ಪೊಪ್ಪಿಕೊಂಡಂತೆ.

"ಹಾಗಾದ್ರೆ ಇದು ಸವೆತ ಅಲ್ಲಮ್ಮ, ಉರಿಯೂತ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತಲ್ಲ? ಅದು ಮೈ ತನ್ನನ್ನ ಕಾಯ್ಕೊಳ್ಳೋ ರೀತಿ. ರಕ್ತನಾಳ ಹಿಗ್ಗಿ ಅಲ್ಲಿಗೆ ರಕ್ತ ಜಾಸ್ತಿ ಬರುತ್ತೆ, ಅದಕ್ಕೇ ಕೆಂಪು, ಬಿಸಿ. ನಾಳದಿಂದ ನೀರು, ಬಿಳಿ ರಕ್ತಕಣ ಹೊರಗೆ ಬಂದು ಕ್ರಿಮಿಗಳ ಮೇಲೆ ಬೀಳುತ್ತೆ, ಅದಕ್ಕೇ ಊತ. ಕೆಲಸ ಮುಗಿದ ಮೇಲೆ ಎಲ್ಲ ಇಳಿಯುತ್ತೆ."

"ನನಗೆ ಯಾವ ಮುಳ್ಳೂ ಚುಚ್ಚಿಲ್ವಲ್ಲ ಡಾಕ್ಟರೇ."

"ತೊಂದರೆ ಅದೇ. ಬೇಲಿಯೇ ಎದ್ದು ಹೊಲ ಮೇಯ್ತಾ ಇದೆ. ಆ ಕಣಗಳು ನಿಮ್ಮ ಕೀಲುಗಳನ್ನೇ ಶತ್ರು ಅಂದ್ಕೊಂಡಿವೆ. ಕೀಲಿನ ಒಳಪದರ ಊದಿಕೊಂಡು ಮೂಳೆ ಕೊರೀತಿದೆ. ಔಷಧಿಯಿಂದ ಹತೋಟಿಗೆ ತರಬಹುದು, ನೀವು ಕೆಲಸಾನೂ ಮಾಡಬಹುದು. ಆದರೆ ಬಲಗೈಯ ಈ ಎರಡು ಬೆರಳು ಇನ್ನು ನೆಟ್ಟಗಾಗಲ್ಲ. ಒಂದು ವರ್ಷ ಮೊದಲೇ ಬಂದಿದ್ರೆ..."

ಗಂಡ ತಲೆ ತಗ್ಗಿಸಿದ.

ಮನೆಗೆ ಬಂದವನೇ ಎಣ್ಣೆ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅವಳ ಕೈಗಿಟ್ಟ. "ತೆಗಿ ನೋಡೋಣ."

ಆಗಲಿಲ್ಲ.

"ನಾನು ಮರೆತಿದ್ದಲ್ಲ ಕಣೇ" ಎಂದ. "ನಿನ್ನ ಕೈಲಿ ಆಗಲ್ಲ ಅಂತ ಗೊತ್ತಾಗಿ, ವರ್ಷದಿಂದ ಬೇಕಂತಲೇ ಸಡಿಲ ಬಿಡ್ತಿದ್ದೆ."

ಅವಳಿಗೆ ಉಕ್ಕಿದ್ದು ಸಿಟ್ಟೋ ಅಳುವೋ, ಅವಳಿಗೇ ಗೊತ್ತಾಗಲಿಲ್ಲ. "ಗೊತ್ತಿದ್ದೂ ಬಾಯಿ ಬಿಡಲಿಲ್ವಲ್ಲ ನೀವು!"

"ನೀನು ಬಿಟ್ಯಾ?"

ಕೆಲಸ ಹೋದೀತೆಂದು ಅವಳು, ಅವಳಿಗೆ ನೋವಾದೀತೆಂದು ಅವನು, ಇಬ್ಬರೂ ಸುಮ್ಮನಿದ್ದರು, ಎರಡು ಬೆರಳು ಹೋದವು. ಇಂಥ ಪ್ರೀತಿಯನ್ನು ಹೊಗಳಲು ನನಗಂತೂ ಬಾಯಿ ಬರುವುದಿಲ್ಲ, ಬಯ್ಯಲೂ ಮನಸ್ಸಿಲ್ಲ.

ಅವಳು ಬಾಟಲಿಯನ್ನು ಅವನ ಕೈಗೆ ವಾಪಸಿಟ್ಟು ಅಂದಳು: "ಇನ್ನು ಮೇಲೆ ಬಿಗಿ ಮಾಡಿಯೇ ಕೊಡಿ. ಆಗದಿದ್ರೆ ನಾನೇ ಹೇಳ್ತೀನಿ."

ಔಷಧಿ ನಿಧಾನಕ್ಕೆ ಹಿಡಿಯಿತು, ಊತ ಇಳಿಯಿತು. ಬೆರಳು ಮತ್ತೆ ಬಿಗಿಯಾದರೆ ತಡಮಾಡದೆ ಬರಬೇಕೆಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಸೊಟ್ಟ ಬೆರಳುಗಳನ್ನು ಬದಿಗಿಟ್ಟು ಉಳಿದವುಗಳಲ್ಲೇ ಸ್ಕ್ರೂಡ್ರೈವರ್ ಹಿಡಿಯುವುದನ್ನು ಹೊಸದಾಗಿ ಕಲಿತಳು. ದಿನಾ ಬೆಳಿಗ್ಗೆ ಗಂಡನ ಎದುರಿಗೇ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಚೀಲ ಹೆಗಲಿಗೇರಿಸುತ್ತಿದ್ದಳು. ಚೀಲದಲ್ಲಿ ಈಗ ಎಣ್ಣೆಯ ಕಲೆಯಿರಲಿಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ ಮುಚ್ಚಳ ಜಗ್ಗಲಿಲ್ಲ. ಎರಡು ಸಲ ತಿರುಗಿಸಿ ನೋಡಿದಳು. ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ಹಳೆಯ ಎಣ್ಣೆಯಕ್ಕನಾಗಿದ್ದರೆ ಬಾಟಲಿಯನ್ನು ಹಾಗೇ ಚೀಲಕ್ಕೆ ತುರುಕಿ ಹೊರಟುಬಿಡುತ್ತಿದ್ದಳು. ಗಂಡ ಉಸಿರು ಬಿಗಿಹಿಡಿದು ನಿಂತಿದ್ದ.

ಅವಳು ಬಾಟಲಿಯನ್ನು ಅವನತ್ತ ಚಾಚಿದಳು. "ಇವತ್ತು ಆಗ್ತಿಲ್ಲ ರೀ."

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಅವನು ಬಸ್ಸಿಗೆ ರಜೆ ಹೇಳಿ, ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡ.