ಎಕ್ಕದ ಹಾಲು ಕೊಡದ ಕನಕಮ್ಮ

ಶನಿವಾರ, ಬೆಳಿಗ್ಗೆ ಐದೂ ಮುಕ್ಕಾಲು. ಉರಿಗಾಂನ ಮುಚ್ಚಿದ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ ಹಿಂದೆ ಕನಕಮ್ಮ ಎಕ್ಕದ ಹೂವು ಕೀಳುತ್ತಿದ್ದಾರೆ. ಕೈಗೆ ರಬ್ಬರ್ ಗವುಸು. ಕಣ್ಣಿಗೆ, ಗಣಿಯಲ್ಲಿ ದುಡಿಯುತ್ತಿದ್ದ ಗಂಡ ಬಿಟ್ಟುಹೋದ, ಧೂಳು ತಡೆಯುವ ದಪ್ಪ ಕನ್ನಡಕ.

ಐವತ್ತೆಂಟರ ಕನಕಮ್ಮ ಆಂಜನೇಯನಿಗೆ ಎಕ್ಕದ ಹಾರ ಕಟ್ಟುವವರು. ಶನಿವಾರ ನಲವತ್ತು, ಉಳಿದ ದಿನ ಎಂಟೋ ಹತ್ತೋ. ಮಾರಾಟ ಬಂಗಾರಪೇಟೆಯಲ್ಲಿ. ಒಂಬತ್ತು ವರ್ಷದ ಹಿಂದೆ ಹೂವು ಕಿತ್ತ ಕೈಯಲ್ಲೇ ಕಣ್ಣುಜ್ಜಿಕೊಂಡರು. ಹನ್ನೆರಡು ದಿನ ಎಡಗಣ್ಣು ಮಂಜು. "ಒಂದು ದೀಪದ ಸುತ್ತ ಇನ್ನೊಂದು ದೀಪ ಕಾಣ್ತಿತ್ತು. ಅವತ್ತಿಂದ ಈ ಕನ್ನಡಕ."

ಹಾರಕ್ಕಿಂತ ಹೆಚ್ಚು ಜನ ಕೇಳುವುದು ಗಿಡದ ಹಾಲನ್ನು, ಔಷಧಕ್ಕೆಂದು. ಅವರು ಕೊಡುವುದಿಲ್ಲ. ಎಕ್ಕದ ಹಾಲು ಇಲಿಗಳಲ್ಲಿ ನೋವು, ಊತ ಇಳಿಸಿದ ವರದಿಗಳಿವೆ. ಮನುಷ್ಯರಿಗೆ ಎಷ್ಟು ಸುರಕ್ಷಿತ ಎಂದು ತೋರಿಸುವ ಗಟ್ಟಿ ಅಧ್ಯಯನವಿಲ್ಲ. ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ, ಹೊಟ್ಟೆಗೆ ಹೋದರೆ ಹೃದಯಕ್ಕೆ. ಅಂದು ಕಣ್ಣು ನೋಡಿದ ಡಾಕ್ಟರು ಹೇಳಿದ್ದು ಇಷ್ಟು. ಕನಕಮ್ಮ ಅದನ್ನು ಇನ್ನೂ ಚಿಕ್ಕದು ಮಾಡಿದ್ದಾರೆ: "ಇಲೀಗೆ ವಾಸಿಯಾಯ್ತಂತೆ. ಕೇಳೋಕೆ ಬರೋರು ಯಾರೂ ಇಲಿ ಅಲ್ಲ."

ಇವತ್ತು ಬಂದವರು ನೆರೆಮನೆಯ ಪೆರುಮಾಳ್. ನೆಲದಡಿ ಸಾವಿರಾರು ಅಡಿ ಆಳದಲ್ಲಿ ಇಪ್ಪತ್ತಾರು ವರ್ಷ ದುಡಿದವರಿಗೆ ಹಲ್ಲಿನ ಡಾಕ್ಟರ ಕುರ್ಚಿ ಎಂದರೆ ಭಯ. ಕೆನ್ನೆ ಊದಿದೆ. ಜೊತೆಗೆ ಒಂದು ಮೇಕೆ.

"ಪಾರು, ನೋಡು ಕನಕಮ್ಮ, ಇದು ದಿನಾ ಎಕ್ಕ ತಿನ್ನುತ್ತೆ. ಸತ್ತಿದೆಯಾ? ಎರಡು ಹನಿ ಕೊಡು, ಹಲ್ಲಿಗೆ ಬಿಟ್ಕೋತೀನಿ."

"ಅದಕ್ಕೆ ಅಲ್ಲು ನೋವಾ?"

"ಇಲ್ಲ."

"ಮತ್ಯಾಕೆ ಸಾಕ್ಷಿಗೆ ತಂದೆ? ಮೇಕೆ ಒಟ್ಟೆ ಬೇರೆ, ನಿನ್ ಒಟ್ಟೆ ಬೇರೆ ಕಣಣ್ಣ."

ಅಷ್ಟರಲ್ಲಿ ಸಾಕ್ಷಿ, ಕಟ್ಟಿಟ್ಟಿದ್ದ ಹಾರಗಳ ಬುಟ್ಟಿಗೆ ಬಾಯಿ ಹಾಕಿ ಏಳು ಹಾರ ಮುಗಿಸಿದೆ, ದಾರದ ಸಮೇತ.

ಕನಕಮ್ಮ ಗವುಸು, ಕನ್ನಡಕ ಎರಡನ್ನೂ ಬಿಚ್ಚಿ ಪೆರುಮಾಳ್ ಕೈಗಿಡುತ್ತಾರೆ. "ಏಳು ಆರದ ಊವು ಕೀಳು. ಕಣ್ಣು ಮುಟ್ಬೇಡ. ಆಮೇಲೆ ಬಂಗಾರಪೇಟೆ ಆಸ್ಪತ್ರೆಗೆ ನಡಿ. ಬಾಗಿಲ ತಂಕ ನಾನೂ ಬತ್ತೀನಿ."

ಗಣಿ ಮುಚ್ಚಿದ ಮೇಲೆ ಮೊದಲ ಸಲ ಅಂಥ ಕನ್ನಡಕ ಹಾಕಿಕೊಂಡ ಪೆರುಮಾಳ್, ಗಿಡದ ನಡುವಿನಿಂದ ಕೇಳುತ್ತಾರೆ: "ಹಲ್ಲು ಕಿತ್ತೇಬಿಟ್ರೆ?"

"ಕೀಳ್ಲಿ. ಅವರೂ ಗವುಸು ಆಕ್ಕೊಂಡೇ ಕೀಳೋದು, ನನ್ನಂಗೆ."

ಏಳರ ರೈಲು ತಪ್ಪಿತು. ಇಬ್ಬರೂ ಬಸ್ಸು ಹತ್ತಿದರು. ಹನ್ನೊಂದು ಗಂಟೆಗೆ ಪೆರುಮಾಳ್ ಅವರ ಹಲ್ಲು ಹೊರಬಂತು. ಮೇಕೆ ಅಂದು ಸಂಜೆಯೂ ಎಕ್ಕ ತಿಂದಿತು.